ಮಗು ಜೊತೆ ವಾಕಿಂಗಿಗೆ ಸ್ಟ್ರಾಲರಾ, ಬೆನ್ನಿನ ಕ್ಯಾರಿಯರಾ: ಎರಡೂ ತಗೊಂಡು ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಮಗುನ ಕೂರಿಸಿ ಬೆನ್ನಿಗೆ ಹಾಕ್ಕೊಳ್ಳೋ ಫ್ರೇಮ್ ಕ್ಯಾರಿಯರ್‌ಗೆ. ಆದ್ರೆ ಮೊದಲು ದುಡ್ಡು ಸುರಿದಿದ್ದು ಮೂರು ಚಕ್ರದ ದೊಡ್ಡ ಸ್ಟ್ರಾಲರ್‌ಗೆ. ಗಾಳಿ ತುಂಬೋ ಟೈರು, ಸಸ್ಪೆನ್ಷನ್ನು, ಎಂಥಾ ದಾರಿಗಾದ್ರೂ ಸೈ ಅಂತ ಡಬ್ಬದ ಮೇಲೆ ಬರ್ದಿತ್ತು, ನಂಬಿದೆ. ಚಿಕ್ಕವನಿಗೆ ಒಂದೂಮುಕ್ಕಾಲು ವರ್ಷ, 11 ಕೆಜಿ. ದೊಡ್ಡವಳಿಗೆ ಆರು. ರಜೆ ದಿನ 3-4 ಕಿಲೋಮೀಟರ್ ನಡೆಯೋದು ನಮ್ಮನೆ ಅಭ್ಯಾಸ, ಒಂದ್ವಾರ ಸಮುದ್ರದ ದಂಡೆ, ಇನ್ನೊಂದ್ವಾರ ಹೊಲದ ಕಡೆ.

ಸ್ಟ್ರಾಲರ್ ಕೈಕೊಟ್ಟಿದ್ದು ಮರಳಲ್ಲಿ. ನಾವು ಹೋದಾಗ ಇಳಿತದ ಹೊತ್ತು, ನೀರು ಹಿಂದೆ ಸರಿದು ಒದ್ದೆ ಮರಳು ಗಾರೆ ನೆಲದ ಥರ ಗಟ್ಟಿಯಾಗಿತ್ತು, ಒಂದೇ ಕೈಯಲ್ಲಿ ತಳ್ಕೊಂಡು ಆರಾಮಾಗಿ ಒಂದೂವರೆ ಕಿಲೋಮೀಟರ್ ಹೋಗ್ಬಿಟ್ವಿ. ಅಲ್ಲಿ ಮಕ್ಕಳು ಏಡಿ ಬಿಲ ನೋಡ್ತಾ ಕೂತ್ರು, ಎರಡ್ಮೂರು ಗಂಟೆ ಹೋಗಿದ್ದೇ ಗೊತ್ತಾಗ್ಲಿಲ್ಲ. ವಾಪಸ್ ಹೊರಟ್ರೆ ಬಂದ ದಾರಿನೇ ಇಲ್ಲ, ನೀರು ಏರಿ ಆ ಗಟ್ಟಿ ಮರಳನ್ನೆಲ್ಲ ನುಂಗಿತ್ತು. ಉಳಿದಿದ್ದು ಮೇಲಿನ ಒಣ ಮರಳಿನ ಪಟ್ಟಿ ಒಂದೇ.

ಇದು ನಾನು ಮೊದಲೇ ತಿಳ್ಕೋಬೇಕಾಗಿದ್ದ ವಿಷ್ಯ. ಹೆಚ್ಚಿನ ಕಡಲತೀರಗಳಲ್ಲಿ ಇಳಿತದಿಂದ ಭರತಕ್ಕೆ ಸುಮಾರು 6 ಗಂಟೆ 12 ನಿಮಿಷ, ಆದ್ರೆ ನೀರು ಒಂದೇ ಸಮ ಏರಲ್ಲ. ಒಟ್ಟು ಏರಿಕೇನ 12 ಪಾಲು ಮಾಡಿದ್ರೆ ಮೊದಲನೇ ಗಂಟೇಲಿ ಏರೋದು ಹೆಚ್ಚುಕಮ್ಮಿ ಒಂದು ಪಾಲು, ಎರಡನೇದ್ರಲ್ಲಿ ಎರಡು, ಮೂರು ಮತ್ತು ನಾಲ್ಕನೇ ಗಂಟೇಲಿ ಮೂರ್ಮೂರು. ಮೊದಮೊದಲು ಏನೂ ಆಗ್ತಿಲ್ಲ ಅನ್ಸಿ ಆಮೇಲೆ ದಿಢೀರ್ ಅಂತ ಬರೋದು ಅದಕ್ಕೇ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಲ್ಲಿ ಏರಿಳಿತ ಇನ್ನೂ ಜಾಸ್ತಿ, ಅವತ್ತು ಹುಣ್ಣಿಮೆ ಮಾರನೇ ದಿನ.

ಒಣ ಮರಳಲ್ಲಿ ಮುಂದಿನ ಚಕ್ರ ಅಡ್ಡ ತಿರುಗಿ ಹೂತ್ಕೊಳ್ಳುತ್ತೆ, ಹ್ಯಾಂಡಲ್ ತಳ್ಳಿದಷ್ಟೂ ಮೂತಿ ಕೆಳಗಿಳಿಯುತ್ತೆ. ಚಕ್ರ ತಿರುಗದ ಹಾಗೆ ಲಾಕ್ ಮಾಡಿದೆ, ಟೈರ್ ಗಾಳಿ ಸ್ವಲ್ಪ ಬಿಟ್ಟೆ, ಅಷ್ಟಕ್ಕಷ್ಟೇ. ಕೊನೆಗೆ ಗಾಡಿ ಉಲ್ಟಾ ತಿರುಗಿಸಿ ಹಿಂದಿನ ದೊಡ್ಡ ಚಕ್ರಗಳ ಮೇಲೆ ಎಳ್ಕೊಂಡು ಬಂದೆ, ಆಗ ಸ್ವಲ್ಪ ಸರಾಗ ಆಯ್ತು. ಚಿಕ್ಕವನು ಅಳ್ತಾ ಇದ್ದ, ದೊಡ್ಡವಳು ನನ್ನ ಅಂಗಿ ಹಿಡ್ಕೊಂಡು ಸುಮ್ನೆ ನಡೀತಿದ್ಲು, ಒಂದೂವರೆ ಕಿಲೋಮೀಟರಿಗೆ ಒಂದೂಕಾಲು ಗಂಟೆ.

ಅಲ್ಲಿಗೆ ಮುಗೀಲಿಲ್ಲ. ಎರಡು ವಾರ ಆದ್ಮೇಲೆ ಕಿರ್ ಕಿರ್ ಅನ್ನೋಕೆ ಶುರು ಆಯ್ತು, ಚಕ್ರ ಬಿಚ್ಚಿದ್ರೆ ಆಕ್ಸಲ್ ಸುತ್ತ ಕಿತ್ತಳೆ ಬಣ್ಣದ ತುಕ್ಕು, ಬೇರಿಂಗ್ ಒಳಗೆ ಗ್ರೀಸಿಗೆ ಮರಳು ಮೆತ್ಕೊಂಡು ಬೆರಳಿಗೆ ಚುರಚುರ ಸಿಗ್ತಿತ್ತು. ಉಪ್ಪುನೀರು ತಾಗಿದ ದಿನವೇ ಸಿಹಿನೀರಲ್ಲಿ ತೊಳೆದು ಒರೆಸಿ ಇಡ್ಬೇಕು, ಜೋರಾಗಿ ಪೈಪ್ ಬಿಟ್ರೂ ಗ್ರೀಸ್ ಕೊಚ್ಕೊಂಡು ಹೋಗುತ್ತೆ.

ಹೊಲದ ಕಡೆ ಸ್ಟ್ರಾಲರ್ ಅಷ್ಟು ಕೆಟ್ಟದಲ್ಲ, ಕಾಲುವೆ ಏರಿ ಥರ ಸಮತಟ್ಟು ದಾರಿ ಆದ್ರೆ ಮಗು ಹಾಯಾಗಿ ನಿದ್ದೆ ಮಾಡುತ್ತೆ, ಬ್ಯಾಗೂ ಕೆಳಗೆ ಇಟ್ಕೋಬಹುದು. ಆದ್ರೆ ಬೇಲಿ ದಾಟೋ ಒಂದು ತಡಮೆ, ಒಂದು ಕಿರಿದಾದ ಬದು ಬಂದ್ರೆ ಇಬ್ಬರು ಸೇರಿ ಎತ್ತಬೇಕು. ಬಿಸಿಲು ಅಂತ ಸ್ಟ್ರಾಲರ್ ಮೇಲೆ ಬಟ್ಟೆ ಮುಚ್ಚಬೇಡಿ, ಒಳಗೆ ಗಾಳಿ ಆಡದೆ ಸೆಕೆ ಏರುತ್ತೆ.

ಕ್ಯಾರಿಯರ್ ಬಂದ್ಮೇಲೆ ದಾರಿ ನೋಡಿ ಹೆದರೋದು ನಿಂತೋಯ್ತು. ಮರಳು, ಕೆಸರು, ಮೆಟ್ಟಿಲು, ಎಲ್ಲ ಕಡೆ ನನ್ನ ಕಾಲು ಹೋದಲ್ಲಿ ಮಗುನೂ ಬರುತ್ತೆ. ಸೊಂಟದ ಬೆಲ್ಟ್ ಸೊಂಟದ ಮೂಳೆ ಮೇಲೆ ಕೂರೋ ಹಾಗೆ ಮೊದಲು ಬಿಗಿದು ಆಮೇಲೆ ಭುಜದ ಪಟ್ಟಿ ಎಳೀಬೇಕು, ಉಲ್ಟಾ ಮಾಡಿದ್ರೆ ಅರ್ಧ ಗಂಟೇಲಿ ಹೆಗಲು ಕಿತ್ತು ಬರುತ್ತೆ. ಫ್ರೇಮ್ 3 ಕೆಜಿ, ಮಗು 11, ನೀರು ಬಟ್ಟೆ ಸೇರಿ 16 ಆಗುತ್ತೆ, ಸುಲಭ ಅಂತ ಸುಳ್ಳು ಹೇಳಲ್ಲ. ಮಗು ತಲೆ ನಮ್ಮ ತಲೆಗಿಂತ ಮೇಲಿರುತ್ತೆ ಅನ್ನೋದು ಮರೆತು ಒಂದ್ಸಲ ಕೊಂಬೆ ಕೆಳಗೆ ನುಗ್ಗಿ ಅವನ ಹಣೆ ತರಚಿಸಿದೆ, ಇವತ್ತಿಗೂ ಬೇಜಾರಿದೆ. ಬಗ್ಗೋವಾಗ ಸೊಂಟ ಬಗ್ಗಿಸ್ದೆ ಮೊಣಕಾಲು ಮಡಚಿ. ಮುಕ್ಕಾಲು ಗಂಟೆಗೊಮ್ಮೆ ಇಳಿಸಿ ಓಡಾಡಿಸ್ತೀನಿ, ಕಾಲು ಜೋಮು ಹಿಡಿಯಲ್ಲ. ಗಾಳಿ ಇದ್ರೆ ಅವನಿಗೆ ಒಂದು ಪದರ ಜಾಸ್ತಿ ಹಾಕ್ತೀನಿ, ನಾವು ನಡೆದು ಬೆವರ್ತೀವಿ, ಅವನು ಸುಮ್ನೆ ಕೂತಿರ್ತಾನೆ.

ಬಟ್ಟೆ ಕ್ಯಾರಿಯರ್ ಎಳೆಕೂಸಿಗೆ ಚೆನ್ನ, ಈ ವಯಸ್ಸಿಗೆ ಇಬ್ಬರಿಗೂ ಬೆವರು.

ಬಜೆಟ್ ವಿಷ್ಯಕ್ಕೆ ಬಂದ್ರೆ, ನನ್ನ ಫ್ರೇಮ್ ಕ್ಯಾರಿಯರ್ ಸೆಕೆಂಡ್ ಹ್ಯಾಂಡ್, ಸ್ಟ್ರಾಲರ್‌ಗೆ ಕೊಟ್ಟಿದ್ದರಲ್ಲಿ ಅರ್ಧನೂ ಆಗ್ಲಿಲ್ಲ. ಬಕಲ್ ಟಕ್ ಅಂತ ಕೂರುತ್ತಾ, ಹೊಲಿಗೆ ಬಿಟ್ಟಿದ್ಯಾ ನೋಡಿ ತಗೊಂಡ್ರೆ ಸಾಕು. ನಿಮ್ಮ ವಾಕ್ ಬರೀ ಟಾರ್ ರಸ್ತೆ, ಪಾರ್ಕ್ ಆದ್ರೆ ಅಥವಾ ಬೆನ್ನು ನೋವಿದ್ರೆ ಸ್ಟ್ರಾಲರೇ ತಗೊಳ್ಳಿ. ನಮ್ಮದಕ್ಕೆ ಹೊಸ ಬೇರಿಂಗ್ ಹಾಕ್ಸಿದೀನಿ, ಕಾಲುವೆ ಏರಿಗೆ ಹೋಗೋ ದಿನ ಮಾತ್ರ ಹೊರಗೆ ಬರುತ್ತೆ.