ಅಪ್ಪನ ಯಶಸ್ವಿನಿ, ಅತ್ತೆಯ ಆರೋಗ್ಯ ಕರ್ನಾಟಕ

ಯಶಸ್ವಿನಿ, ಆರೋಗ್ಯ ಕರ್ನಾಟಕ ಎರಡೂ ರಾಜ್ಯ ಸರ್ಕಾರದ ಆರೋಗ್ಯ ಯೋಜನೆಗಳು. ಎರಡರಲ್ಲೂ ಇಡೀ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಅಂತ ಕೇಳಿದ್ದೆ. ಹಾಗಾದರೆ ಯಾವುದಾದರೇನು ಅಂದುಕೊಂಡಿದ್ದೆ. ಒಂದೇ ವರ್ಷದಲ್ಲಿ ಅಪ್ಪನಿಗೆ ಹರ್ನಿಯಾ ಆಪರೇಷನ್, ನಮ್ಮತ್ತೆಗೆ ಸ್ಟೆಂಟ್. ಓಡಾಡಿದ್ದು ನಾನೇ. ಆಗ ಗೊತ್ತಾಯಿತು ಎಷ್ಟು ಬೇರೆ ಅಂತ.

ಅಪ್ಪನಿಗೆ 72. ಊರಿನ ಹಾಲಿನ ಸೊಸೈಟಿ ಸದಸ್ಯರಾಗಿರುವುದಕ್ಕೆ ಯಶಸ್ವಿನಿ ಸಿಕ್ಕಿದೆ. ಹಳ್ಳಿಯಲ್ಲಿ ನಾಲ್ಕು ಜನರ ಮನೆಗೆ ವರ್ಷಕ್ಕೆ 500 ರೂಪಾಯಿ ಕಟ್ಟಬೇಕು, ಅದಕ್ಕಿಂತ ಜಾಸ್ತಿ ಇದ್ದರೆ ಹೆಚ್ಚುವರಿ ತಲೆಗೆ 100. ಯೋಜನೆಯ ಪಟ್ಟಿಯಲ್ಲಿದ್ದ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋದೆವು. ಯೋಜನೆಯ ಒಪ್ಪಿಗೆ ಆಸ್ಪತ್ರೆಯವರೇ ತರಿಸಿಕೊಂಡರು. ಸಿಗುವುದು ಜನರಲ್ ವಾರ್ಡ್ ಮಾತ್ರ. ಅಪ್ಪ ಬೇರೆ ರೂಮೇ ಬೇಕು ಅಂದರು, ಆ ವ್ಯತ್ಯಾಸ ನನ್ನ ಜೇಬಿಗೆ ಬಿತ್ತು.

ಅತ್ತೆಯವರದು ಬಿಪಿಎಲ್ ಕಾರ್ಡು. ಆರೋಗ್ಯ ಕರ್ನಾಟಕಕ್ಕೆ ದುಡ್ಡು ಕಟ್ಟುವ ತಲೆನೋವಿಲ್ಲ. ಆದರೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಬೇರೆ ಆಸ್ಪತ್ರೆಗೆ ಹೋಗಲು ರೆಫರಲ್ ಚೀಟಿ ಕೊಡುತ್ತಾರೆ. ತುರ್ತು ಕೇಸಾದರೆ ಚೀಟಿ ಬೇಡ. ನಮ್ಮತ್ತೆಗೆ ಅಷ್ಟು ಹೊತ್ತಿಗೆ ಎದೆನೋವು ಇಳಿದಿತ್ತು, ಹಾಗಾಗಿ ತುರ್ತು ಅಂತ ಲೆಕ್ಕಕ್ಕೆ ಬರಲಿಲ್ಲ! ಎರಡು ಸಲ ಹೋದಾಗಲೂ ಡಾಕ್ಟರು ರಜೆ. ಮೂರನೇ ಸಲ ಚೀಟಿ ಸಿಕ್ಕಿತು. ಎಪ್ಪತ್ತರ ಹತ್ತಿರದ ಜೀವವನ್ನು ಬಸ್ಸಿನಲ್ಲಿ ಹತ್ತಿಸಿ ಇಳಿಸಿ ಸುಸ್ತಾಗಿತ್ತು. ಆಮೇಲೆ ಮಾತ್ರ ಒಂದು ರೂಪಾಯಿ ಕೇಳಲಿಲ್ಲ, ಅದನ್ನು ಹೇಳಲೇಬೇಕು.

ಅಪ್ಪನದು ಎಪಿಎಲ್ ಕಾರ್ಡು. ಆರೋಗ್ಯ ಕರ್ನಾಟಕದಲ್ಲಿ ಹೋಗಿದ್ದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ) ಶೇ. 30 ಮಾತ್ರ, ಅದೂ ಮನೆಗೆಲ್ಲ ಸೇರಿ ವರ್ಷಕ್ಕೆ 1.5 ಲಕ್ಷದವರೆಗೆ. ಎಪಿಎಲ್ ಇದ್ದು ಸೊಸೈಟಿ ಸದಸ್ಯತ್ವವೂ ಇರುವವರು ಸುಮ್ನೆ ಯಶಸ್ವಿನಿ ಮಾಡಿಸಿಕೊಳ್ಳಿ. ಬಿಪಿಎಲ್ ಇದ್ದವರಿಗೆ ಅಷ್ಟು ಅವಸರವಿಲ್ಲ, ಆದರೂ ಚೀಟಿಗೆ ಅಲೆಯುವುದು ತಪ್ಪುತ್ತದೆ ಅಂತ ನಾನಾದರೆ 500 ಕಟ್ಟುತ್ತೇನೆ.

ಬಿಪಿ, ಶುಗರ್ ಗುಳಿಗೆಯ ತಿಂಗಳ ಖರ್ಚು ಎರಡರಲ್ಲೂ ನಮ್ಮದೇ.

2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಆಯುಷ್ಮಾನ್ ವಯ ವಂದನ ಕಾರ್ಡೂ ಇದೆ. 70 ತುಂಬಿದವರಿಗೆ, ಆದಾಯ ಎಷ್ಟೇ ಇರಲಿ, 5 ಲಕ್ಷ. ಬಳಸಿ ನೋಡಿಲ್ಲ, ಅದಕ್ಕೇ ಹೋಲಿಕೆಗೆ ತಂದಿಲ್ಲ. ಮಾಡಿಸುವ ಮೊದಲು ನೀವು ಹೋಗುವ ಆಸ್ಪತ್ರೆಯಲ್ಲಿ ತಗೊಳ್ಳುತ್ತಾರಾ ಅಂತ ಕೇಳಿಕೊಳ್ಳಿ.

ಯಶಸ್ವಿನಿಯಲ್ಲಿ ನನಗೆ ಭಯ ಇರುವುದು ಒಂದಕ್ಕೇ. ಪ್ರತಿ ವರ್ಷ ಗಡುವಿನೊಳಗೆ ಕಟ್ಟಬೇಕು. ಈ ಸಲ ಅಪ್ಪ ಮರೆತೇಬಿಟ್ಟಿದ್ದರು. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋದಾಗ ಕಾರ್ಯದರ್ಶಿ ಕ್ಯಾನ್ ಹಿಡಿದುಕೊಂಡು, "ಗೌಡ್ರೇ, ಐನೂರು ಕೊಟ್ಟು ಹೋಗಿ" ಅಂದರಂತೆ.