ಮಲ್ಪೆಯಲ್ಲಿ ಗಾಳ ಹಾಕಲು ಬಾಡಿಗೆ ಬೋಟು

ಗಾಳದ ಹುಚ್ಚಿರುವವರು ಮಲ್ಪೆಯಿಂದ ಬಾಡಿಗೆ ಬೋಟಿನಲ್ಲಿ ಒಮ್ಮೆ ಹೋಗಲೇಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗಸ್ಟ್‌ನಲ್ಲೂ ಕಡಲು ಒರಟು. ನಾವು ಹೋಗಿದ್ದು ಡಿಸೆಂಬರ್‌ನಲ್ಲಿ.

ನನಗೆ ತುಂಬಾ ಹಿಡಿಸಿದ್ದು ಬೋಟು ನಡೆಸುವ ತಾಂಡೇಲರ ಕೆಲಸ. ಸೇಂಟ್ ಮೇರೀಸ್ ದ್ವೀಪದ ಆಚೆ, ಹಕ್ಕಿಗಳು ನೀರಿಗೆ ಎರಗುವ ಕಡೆಗೇ ಬೋಟು ತಿರುಗಿಸಿದರು. ಅಂಜಲ್ ಮೀನಿನ ಹಲ್ಲು ಚೂಪು, ಬರೀ ನೈಲಾನ್ ದಾರವಾದರೆ ಕತ್ತರಿಸಿಕೊಂಡು ಹೋಗುತ್ತದೆ ಅಲ್ವಾ? ಅದಕ್ಕೇ ಗಾಳದ ಹತ್ತಿರ ಗೇಣುದ್ದ ಉಕ್ಕಿನ ತಂತಿ ಕಟ್ಟಿಕೊಟ್ಟರು. ರೀಲು ಕಿರ್ರೆಂದಾಗ, "ಈಗ್ಲೇ ಎಳೀಬೇಡಿ ಮಾರಾಯ್ರೆ, ಸ್ವಲ್ಪ ಓಡ್ಲಿ" ಎಂದರು. ಎಂಥ ಮಜಾ!

ಬೋಟಿನಲ್ಲಿ ನೆರಳು ಸಾಲದು. ನನಗೆ ಕೊಟ್ಟ ಲೈಫ್ ಜಾಕೆಟ್‌ನ ಬಕಲ್ ಮುರಿದಿತ್ತು, ಕೇಳಿದ ಮೇಲೆ ಬದಲಿಸಿದರು. ದಡದಲ್ಲೇ ಹಾಕಿ ನೋಡಿ. ಹಿಡಿದ ಮೀನು ಯಾರಿಗೆ ಅನ್ನೋದನ್ನೂ ಹೊರಡುವ ಮೊದಲೇ ಮಾತಾಡಿಕೊಳ್ಳಿ.