ನಾನಾ ಪೇಠದ ಟು-ಸ್ಟ್ರೋಕ್ ಗ್ಯಾರೇಜ್: ಸೈಕಲ್ ಇಂಜಿನ್ನಿನ ಹೆಡ್ ಲೀಕ್ ಕೊನೆಗೂ ನಿಂತಿತು

ಸೈಕಲ್ಲಿಗೆ ಕೂರಿಸುವ ಚಿಕ್ಕ ಟು-ಸ್ಟ್ರೋಕ್ ಇಂಜಿನ್ ಇದೆಯಲ್ಲ, ಅದರ ಹೆಡ್ ಗ್ಯಾಸ್ಕೆಟ್ (ಸಿಲಿಂಡರಿಗೂ ಅದರ ಮೇಲಿನ ಮುಚ್ಚಳವಾದ ಹೆಡ್ಡಿಗೂ ನಡುವೆ ಕೂರಿಸುವ ತೆಳು ಹಾಳೆ) ಲೀಕ್ ಸರಿ ಮಾಡುವವರು ಪುಣೆಯಲ್ಲಿ ಸಿಗುತ್ತಾರಾ ಎಂದು ಹುಡುಕುತ್ತಿದ್ದರೆ ಇದನ್ನು ಪೂರ್ತಿ ಓದಿ. ನಾನು ಮೂರು ತಿಂಗಳು ಅಲೆದಿದ್ದೇನೆ, ಎರಡು ಸಲ ದುಡ್ಡು ಕಳೆದುಕೊಂಡಿದ್ದೇನೆ.

ಸೈಕಲ್ ನಮ್ಮ ಸೋದರಮಾವನದು. ಪುಣೆ ಜಿಲ್ಲೆಯ ಸಾಸವಡ ಹತ್ತಿರ ಅವರ ಅಂಜೂರದ ತೋಟ ಇದೆ. ಈ ಕಡೆಯಿಂದ ಆ ಕಡೆಗೆ ನೀರು ಬಿಡಲು, ಬುಟ್ಟಿ ಸಾಗಿಸಲು ಅಂತ ಹಳೇ ಸೈಕಲ್ಲಿಗೆ ಕಿಟ್ ಇಂಜಿನ್ ಹಾಕಿಸಿಕೊಂಡಿದ್ದಾರೆ. 80 ಸಿಸಿ ಅಂತ ಮಾರುತ್ತಾರೆ, ಆದರೆ ಬೋರ್ 47 ಎಂಎಂ, ಸ್ಟ್ರೋಕ್ 38 ಎಂಎಂ, ಲೆಕ್ಕ ಹಾಕಿದರೆ 66 ಸಿಸಿ ಅಷ್ಟೇ. ಇದನ್ನು ರಸ್ತೆಯ ಮೇಲೆ ಓಡಿಸುವಂತಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯಲ್ಲಿ ವಿನಾಯಿತಿ ಇರುವುದು 25 ಸಿಸಿ ಮೀರದ ಇಂಜಿನ್ನಿಗೆ ಮಾತ್ರ. ಹಾಗಾಗಿ ಮಾವ ತೋಟದ ಬೇಲಿ ದಾಟಿಸುವುದಿಲ್ಲ. ಅವರಿಗೆ ಮೊಣಕಾಲು ನೋವು, ಈ ಸೈಕಲ್ ನಿಂತರೆ ದಿನಕ್ಕೆ ಹತ್ತಾರು ಸಲ ನಡೆಯಬೇಕು. ನನಗೆ ಇಷ್ಟು ತಲೆಬಿಸಿ ಆಗಿದ್ದು ಅದಕ್ಕೇ.

ಶುರುವಾಗಿದ್ದು ಒಂದು ಸದ್ದಿನಿಂದ. ಐಡಲಿನಲ್ಲಿ ಇಟ್ಟರೆ ಹೆಡ್ ಹತ್ತಿರ ಚಿಕ್ ಚಿಕ್ ಅಂತ ಗುಬ್ಬಿ ಕೂಗಿದ ಹಾಗೆ. ಆಮೇಲೆ ಹೆಡ್ಡಿಗೂ ಸಿಲಿಂಡರಿಗೂ ನಡುವಿನ ಗೆರೆಯಲ್ಲಿ, ಸೈಲೆನ್ಸರ್ ಇರುವ ಬದಿಗೆ, ಕಪ್ಪು ಜಿಡ್ಡು ಕಾಣಿಸಿತು. ಈ ಇಂಜಿನ್ನಿನಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಹೋಗುತ್ತದಲ್ವಾ, ಹಾಗಾಗಿ ಗ್ಯಾಸ್ ಹೊರಗೆ ಬಂದರೆ ಜಿಡ್ಡೂ ಬರುತ್ತದೆ. ಏರಿನಲ್ಲಿ ಎಳೆತ ಕಡಿಮೆಯಾಯಿತು. ಬಿಸಿಯಾದ ಮೇಲೆ ಒಮ್ಮೆ ಆಫ್ ಆದರೆ ಅರ್ಧ ಗಂಟೆ ಸ್ಟಾರ್ಟ್ ಆಗುತ್ತಿರಲಿಲ್ಲ.

ಮೊದಲು ತೋರಿಸಿದ ಕಡೆ ಹೊಸ ಗ್ಯಾಸ್ಕೆಟ್ ಹಾಕಿ, ಅದರ ಎರಡೂ ಬದಿಗೆ ಸಿಲಿಕಾನ್ ಪೇಸ್ಟ್ ಮೆತ್ತಿ, ಪಾನಾಕ್ಕೆ (ಸ್ಪ್ಯಾನರಿಗೆ) ಪೈಪ್ ಸಿಗಿಸಿ ಕೈಲಾದಷ್ಟು ಬಿಗಿದು ಕೊಟ್ಟರು. ಎಂಟು ದಿನ ಚೆನ್ನಾಗಿತ್ತು. ಒಂಬತ್ತನೇ ದಿನ ಮತ್ತೆ ಅದೇ ಸದ್ದು. ಎರಡನೇ ಸಲ ಹೋದಾಗ ಅಲ್ಲೇ ಇನ್ನೊಂದು ಗ್ಯಾಸ್ಕೆಟ್, ಇನ್ನಷ್ಟು ಸಿಲಿಕಾನ್. ಮೂರನೇ ಸಲಕ್ಕೆ 'ಇಂಜಿನ್ ಬಿಸಾಡಿ, ಹೊಸದು ತಗೊಳ್ಳಿ' ಎಂಬ ಮಾತು ಬಂತು. ಅಲ್ಲಿಗೆ ನಾನು ಬಿಟ್ಟೆ.

ನಾನಾ ಪೇಠ ಅಂದರೆ ಪುಣೆಯಲ್ಲಿ ಗಾಡಿ ಸ್ಪೇರ್ ಪಾರ್ಟ್ಸ್ ಸಿಗುವ ಪೇಟೆ, ಗೊತ್ತಿರುತ್ತದೆ. ಅಲ್ಲಿ ಗ್ಯಾಸ್ಕೆಟ್ ಕೊಳ್ಳಲು ಹೋದಾಗ ಅಂಗಡಿಯವರೇ ಹಿಂದಿನ ಗಲ್ಲಿಯ ಈ ಗ್ಯಾರೇಜ್ ತೋರಿಸಿದರು. ಬೋರ್ಡ್ ಇಲ್ಲ. ಒಂದೇ ಶಟರ್, ಒಳಗೆ ಇಬ್ಬರು ನಿಲ್ಲುವಷ್ಟು ಜಾಗ. ನಡೆಸುವವರಿಗೆ ಅರವತ್ತು ದಾಟಿದೆ, ಎಲ್ಲರೂ ಕಾಕಾ ಅನ್ನುತ್ತಾರೆ. ನಾನು ಫೋನಿನಲ್ಲಿ ಮಾವನ ಜೊತೆ ಮಾತಾಡುತ್ತಿದ್ದುದನ್ನು ಕೇಳಿ, 'ಯಾವೂರು ತಮ್ಮಾ ನಿಮ್ಮದು?' ಅಂದರು. ಅವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಕೆಲಸ ಕಲಿತಿದ್ದು ಲೂನಾ ಮೇಲೆ. 1972ರಲ್ಲಿ ಕೈನೆಟಿಕ್‌ನವರು ತಂದ ಆ 50 ಸಿಸಿ ಪೆಡಲ್ ಗಾಡಿ ಒಂದು ಕಾಲಕ್ಕೆ ಈ ಊರಿನ ಮನೆಮನೆಯಲ್ಲಿ ಇತ್ತು, ಅದರ ಹೆಡ್ ಬಿಚ್ಚಿ ಬಿಚ್ಚಿಯೇ ಕೈ ಪಳಗಿತು ಅಂದರು.

ಸೈಕಲ್ ತಂದಿದ್ದು ಮಾವನ ಅಂಜೂರ ಮಾರ್ಕೆಟ್ ಯಾರ್ಡಿಗೆ ಬರುವ ಟೆಂಪೋದಲ್ಲಿ, ಅಲ್ಲಿಂದ ತಳ್ಳಿಕೊಂಡು ಬಂದೆ. ಕಾಕಾ ಪಾನಾ ಹಿಡಿಯಲೇ ಇಲ್ಲ ಮೊದಲು. ಹಿಂದಿನ ಚಕ್ರ ಎತ್ತಿ ನಿಲ್ಲಿಸಿದರು, ಪ್ಲಗ್ ಬಿಚ್ಚಿ ನೋಡಿದರು. ಪ್ಲಗ್ ಕಾಫಿ ಬಣ್ಣ ಇರಬೇಕು, ನಮ್ಮದು ಸುಣ್ಣದ ಹಾಗೆ ಬೆಳ್ಳಗಿತ್ತು. ಪ್ಲಗ್ ಮತ್ತೆ ಹಾಕಿ, ಸೋಪಿನ ನೀರನ್ನು ಬ್ರಶ್ಶಿನಿಂದ ಹೆಡ್ ಸುತ್ತ ಹಚ್ಚಿ ನನಗೆ ಪೆಡಲ್ ತಿರುಗಿಸಲು ಹೇಳಿದರು. ಸೈಲೆನ್ಸರ್ ಬದಿಗೆ ಎರಡು ಸ್ಟಡ್‌ಗಳ (ಹೆಡ್ಡನ್ನು ಹಿಡಿದಿಡುವ ಉದ್ದ ಬೋಲ್ಟುಗಳ) ನಡುವೆ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಕಾರ್ಬೊರೇಟರ್ ಸೇರುವ ಜಾಯಿಂಟಿಗೆ ಕ್ಲೀನರ್ ಚಿಮುಕಿಸಿದರು. ತಕ್ಷಣ ಇಂಜಿನ್ ಸದ್ದು ಬದಲಾಯಿತು. ಅಂದರೆ ಅಲ್ಲಿಂದಲೂ ಗಾಳಿ ಎಳೆಯುತ್ತಿತ್ತು.

'ತಮ್ಮಾ, ಗ್ಯಾಸ್ಕೆಟ್ ಕೆಟ್ಟಿಲ್ಲ. ಗ್ಯಾಸ್ಕೆಟ್ ಮ್ಯಾಲಿಂದು ಕೆಟ್ಟೈತಿ ನೋಡು' ಅಂದರು.

ಇಂಜಿನ್ ಆರಲು ಬಿಟ್ಟು, ನಾಲ್ಕು ನಟ್ಟುಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಹೆಡ್ ತೆಗೆದರು. ಒಳಗೆ ಸಿಲಿಕಾನ್ ಕರಗಿದ ಅಂಟಿನ ಹಾಗೆ ಆಗಿತ್ತು. ಪೆಟ್ರೋಲ್ ಮತ್ತು ಬೆಂಕಿಯ ಮುಂದೆ ಅದು ನಿಲ್ಲುವುದಿಲ್ಲ, ಹೆಡ್ಡಿಗೆ ಅದನ್ನು ಹಚ್ಚಲೇಬಾರದು. ಹೆಡ್ಡಿನ ಕೆಳಮುಖಕ್ಕೆ ಉಕ್ಕಿನ ಸ್ಕೇಲ್ ಇಟ್ಟು, ಸಂದಿ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ತೂರಿಸಿದರು. 0.10 ಎಂಎಂ ಪಟ್ಟಿ ಸಲೀಸಾಗಿ ಹೋಯಿತು. ಹೆಡ್ ಬಾಗಿತ್ತು.

ಇನ್ನೊಂದು ವಿಷಯ ಅವರು ತೋರಿಸದಿದ್ದರೆ ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಕಿಟ್ ಜೊತೆ ಬರುವ ನಟ್ಟುಗಳು ಟೋಪಿಯ ಹಾಗೆ ಮೇಲೆ ಮುಚ್ಚಿರುತ್ತವೆ. ಒಂದು ನಟ್ಟನ್ನು ಬೆಳಕಿಗೆ ಹಿಡಿದು ಒಳಗೆ ನೋಡು ಅಂದರು. ತಳದಲ್ಲಿ ಹೊಳೆಯುವ ಒಂದು ದುಂಡು ಗುರುತು. ಸ್ಟಡ್ಡಿನ ತುದಿ ಹೋಗಿ ಅಲ್ಲಿ ತಾಗುತ್ತಿತ್ತು. ನಟ್ ಬಿಗಿಯಾಯಿತು ಅಂತ ಕೈಗೆ ಅನಿಸುತ್ತದೆ, ಆದರೆ ಹೆಡ್ ಮೇಲೆ ಒತ್ತಡವೇ ಬಿದ್ದಿರುವುದಿಲ್ಲ. ಪೈಪ್ ಹಾಕಿ ಇನ್ನೂ ಬಿಗಿದರೆ ಸ್ಟಡ್ ಹಿಗ್ಗುತ್ತದೆ, ಇಲ್ಲವೇ ಸ್ಟಡ್ ಕೂತಿರುವ ಅಲ್ಯೂಮಿನಿಯಂ ಚೇಂಬರಿನ ಆಟಾ (ಥ್ರೆಡ್) ಕಿತ್ತುಬರುತ್ತದೆ. ನಮ್ಮದು ಅಲ್ಲಿಯವರೆಗೆ ಹೋಗಿರಲಿಲ್ಲ, ಪುಣ್ಯ.

ಆಮೇಲಿನ ಕೆಲಸ ನಾನು ಸ್ಟೂಲ್ ಹಾಕಿಕೊಂಡು ಕೂತು ನೋಡಿದೆ. ದಪ್ಪ ಗಾಜಿನ ಹಲಗೆ, ಅದರ ಮೇಲೆ ನೀರು ಹಚ್ಚಿ ಕೂರಿಸಿದ 220 ನಂಬರಿನ ಪಾಲಿಶ್ ಪೇಪರ್. ಹೆಡ್ಡಿನ ಮುಖಕ್ಕೆ ನೀಲಿ ಮಾರ್ಕರಿನಿಂದ ಗೆರೆ ಎಳೆದರು. ಹೆಡ್ಡನ್ನು ಬೆರಳ ತುದಿಯಲ್ಲಿ ಹಿಡಿದು, ಒತ್ತದೆ, ಎಂಟು ಬರೆದ ಹಾಗೆ ತಿರುಗಿಸುತ್ತಾ ಹೋದರು. ಐದು ನಿಮಿಷಕ್ಕೆ ತಿರುಗಿಸಿ ತೋರಿಸಿದಾಗ ಸುತ್ತಲೂ ಬೆಳ್ಳಗೆ ಹೊಳೆಯುತ್ತಿತ್ತು, ಆದರೆ ಆ ಗುಳ್ಳೆ ಬಂದ ಜಾಗದಲ್ಲಿ ಮಾತ್ರ ನೀಲಿ ಹಾಗೇ ಉಳಿದಿತ್ತು. ಬೆರಳಿನ ಉಗುರಿನಷ್ಟು ಜಾಗ! ಮೂರು ತಿಂಗಳ ಗೋಳು ಅಷ್ಟರಲ್ಲೇ ಇತ್ತು. ಆ ನೀಲಿ ಪೂರ್ತಿ ಹೋಗುವವರೆಗೆ ಉಜ್ಜಿ, 400, 600 ಪೇಪರಿನಲ್ಲಿ ನಯ ಮಾಡಿದರು. ಸಿಲಿಂಡರ್ ಎತ್ತಿ ಅದರ ಮೇಲ್ಮುಖವನ್ನೂ ಹಾಗೇ ಮಾಡಿದರು. ಸೈಲೆನ್ಸರ್ ಪೋರ್ಟಿನ ಕಾರ್ಬನ್ನನ್ನು ಬಿದಿರಿನ ಕಡ್ಡಿಯಿಂದ ಕೆರೆದರು, ಸ್ಕ್ರೂಡ್ರೈವರ್ ಮುಟ್ಟಿಸಲಿಲ್ಲ. ತಳದ ಗ್ಯಾಸ್ಕೆಟ್ ಮತ್ತು ಕಾರ್ಬೊರೇಟರ್ ಜಾಯಿಂಟಿನ ಗ್ಯಾಸ್ಕೆಟ್ ಅವರೇ ಕತ್ತರಿಸಿದರು.

ಹೆಡ್ಡಿಗೆ ತಾಮ್ರದ ಗ್ಯಾಸ್ಕೆಟ್. ಅದನ್ನು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಬಿಟ್ಟರು. ಕಬ್ಬಿಣ ಆದರೆ ಗಟ್ಟಿಯಾಗುತ್ತಿತ್ತು, ತಾಮ್ರ ಹಾಗೆ ಮಾಡಿದರೆ ಮೆತ್ತಗಾಗುತ್ತದೆ, ಮೇಲ್ಮೈಗೆ ಚೆನ್ನಾಗಿ ಕೂರುತ್ತದೆ. ಟೋಪಿ ನಟ್ಟು ತೆಗೆದು ಎರಡೂ ಕಡೆ ತೆರೆದ ನಟ್ಟು, ಕೆಳಗೆ ದಪ್ಪ ವಾಷರ್. ನಮ್ಮದು 8 ಎಂಎಂ ಸ್ಟಡ್, ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿಯಾಯಿತು ಎಂದು ಅಳೆಯುವ ಪಾನಾ) ಎದುರು ಬದುರಾಗಿ ಮೊದಲು 6, ಆಮೇಲೆ 12, ಕೊನೆಗೆ 16 ನ್ಯೂಟನ್ ಮೀಟರ್. ಅಷ್ಟಕ್ಕೇ ನಿಲ್ಲಿಸಿದರು. ಇಷ್ಟು ಚಿಕ್ಕ ಗ್ಯಾರೇಜಿನಲ್ಲಿ ಟಾರ್ಕ್ ರೆಂಚ್ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು.

ಕಾರಣದ ಸರಪಳಿಯನ್ನೂ ಬಿಡಿಸಿ ಹೇಳಿದರು. ಕಾರ್ಬೊರೇಟರ್ ಜಾಯಿಂಟಿನಲ್ಲಿ ಗಾಳಿ ಸೇರಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಯಿತು, ಇಂಜಿನ್ ಜಾಸ್ತಿ ಕಾದಿತು, ನಟ್ಟು ಸರಿಯಾಗಿ ಒತ್ತದ ಹೆಡ್ ಬಾಗಿತು. ಈ ಎರಡನ್ನೂ ಬಿಟ್ಟು ಸುಮ್ನೆ ಗ್ಯಾಸ್ಕೆಟ್ ಬದಲಿಸುತ್ತಾ ಹೋದರೆ ನೂರು ಗ್ಯಾಸ್ಕೆಟ್ ಹಾಕಿದರೂ ಅಷ್ಟೇ.

ಖರ್ಚು: ಕೂಲಿ 600, ಸಾಮಾನು 240, ಒಟ್ಟು 840 ರೂಪಾಯಿ. ಹಿಂದಿನ ಎರಡು ರಿಪೇರಿಗೆ ನಾನು ಕೊಟ್ಟಿದ್ದು ಇದಕ್ಕಿಂತ ಜಾಸ್ತಿ.

ತೊಂದರೆಗಳೂ ಇವೆ. ಕಾಕಾ ಒಬ್ಬರೇ, ಹಾಗಾಗಿ ಸೈಕಲ್ ಎರಡು ದಿನ ಅಲ್ಲೇ ಬಿಡಬೇಕಾಯಿತು. ಫೋನ್ ಎತ್ತುವುದಿಲ್ಲ. ಬಿಲ್ ಕೊಡುವುದಿಲ್ಲ, ಯುಪಿಐ ಇಲ್ಲ, ನಗದು ಒಯ್ಯಿರಿ. ಗಾಡಿ ನಿಲ್ಲಿಸಲು ಆ ಗಲ್ಲಿಯಲ್ಲಿ ಜಾಗವೇ ಇಲ್ಲ, ಬೆಳಗ್ಗೆ ಹನ್ನೊಂದರ ಒಳಗೆ ಹೋದರೆ ವಾಸಿ. ಫೋರ್-ಸ್ಟ್ರೋಕ್ ಗಾಡಿ ತಂದರೆ ವಾಪಸ್ ಕಳಿಸುತ್ತಾರೆ.

ತಗೊಂಡು ಬರುವಾಗ ಮೂರು ಮಾತು ಹೇಳಿ ಕಳಿಸಿದರು. ಮೊದಲ ಎರಡು ಮೂರು ಸಲ ಓಡಿಸಿದ ಮೇಲೆ, ಇಂಜಿನ್ ಪೂರ್ತಿ ತಣ್ಣಗಾದಾಗ ನಟ್ಟುಗಳನ್ನು ಮತ್ತೆ 16ಕ್ಕೆ ನೋಡಬೇಕು, ಬಿಸಿ ಇದ್ದಾಗ ಮುಟ್ಟಬಾರದು. ಒಂದು ಲೀಟರ್ ಪೆಟ್ರೋಲಿಗೆ 40 ಎಂಎಲ್ 2ಟಿ (ಟು-ಸ್ಟ್ರೋಕ್) ಆಯಿಲ್, ಅಂದಾಜಿಗೆ ಸುರಿಯದೆ ಅಳೆದು ಹಾಕಬೇಕು. ವಾರಕ್ಕೊಮ್ಮೆ ಪ್ಲಗ್ಗಿನ ಬಣ್ಣ ನೋಡಬೇಕು.

ಟಾರ್ಕ್ ರೆಂಚ್ ನಮ್ಮ ಹತ್ತಿರ ಇಲ್ಲ ಅಂದಾಗ ತಮ್ಮದನ್ನೇ ಅದೇ ಬಟ್ಟೆಯಲ್ಲಿ ಸುತ್ತಿ ಕೊಟ್ಟರು, ಮುಂದಿನ ಟೆಂಪೋದಲ್ಲಿ ಕಳಿಸು ಅಂದರು. ಮೊದಲ ಸಲ ನೋಡಿದಾಗ ಒಂದು ನಟ್ ಕಾಲು ಸುತ್ತು ತಿರುಗಿತು, ಎರಡನೇ ಸಲ ಯಾವುದೂ ಅಲುಗಲಿಲ್ಲ. ಈಗ ಏಳು ವಾರ ಆಗಿದೆ. ಹೆಡ್ ಸುತ್ತ ಒಣಗಿದೆ, ಪ್ಲಗ್ ಕಾಫಿ ಬಣ್ಣಕ್ಕೆ ಬಂದಿದೆ, ಬಾವಿ ಕಡೆಯ ಏರನ್ನು ಮಾವ ಪೆಡಲ್ ತುಳಿಯದೆ ಹತ್ತುತ್ತಿದ್ದಾರೆ. ರೆಂಚ್ ಜೊತೆಗೆ ಒಂದು ಬುಟ್ಟಿ ಅಂಜೂರ ಕಳಿಸಿದ್ದೇವೆ.